ಸೌದೆಯ ಲೆಕ್ಕ

ಕೆಲವು ತಿಂಗಳ ಹಿಂದೆ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮಿತ್ರರೊಬ್ಬರು ಇಂಗ್ಲಿಷಿನ ಒಂದು ಶಾಸ್ತ್ರಲೇಖನವನ್ನು ತಂದು ನನ್ನ ಮೇಜಿನ ಮೇಲಿಟ್ಟರು. ‘ಇದರ ಸಾರಾಂಶವನ್ನು ಕಾಲೇಜಿನ ಸಂಚಿಕೆಗೆ ಕನ್ನಡದಲ್ಲಿ ಬರೆಯಬೇಕಾಗಿದೆ. ಪಾರಿಭಾಷಿಕ ಪದಗಳಿಗೆ ನೀವು ನೆರವಾಗಬೇಕು, ಮೇಷ್ಟ್ರೆ’ ಎಂದರು. ಪದಗಳ ಪಟ್ಟಿಯೇನೋ ಉದ್ದವಾಗಿತ್ತು. ಅದರ ನಡುವೆ ಒಂದು ಶಬ್ದದ ಮೇಲೆ ನನ್ನ ಕಣ್ಣು ನಿಂತಿತು. ಇಂಗ್ಲಿಷ್ ಅಕ್ಷರಗಳಲ್ಲಿ ‘ಅಸ್ತ್ರ ಒಲೆ’ ಎಂದು ಅಚ್ಚಾಗಿತ್ತು. ‘ಇದಕ್ಕೆ ಕನ್ನಡದಲ್ಲಿ ಏನೆನ್ನೋಣ?’ ಎಂದು ಅವರು ಕೇಳಿದ್ದು ವಿನೋದಕ್ಕೋ ನಿಜಕ್ಕೋ ಈಗಲೂ ನನಗೆ ತಿಳಿಯದು.

ಇಂಗ್ಲಿಷಿನಿಂದ ಕನ್ನಡಕ್ಕೆ ಬಂದ ಶಬ್ದಗಳನ್ನು ಎಣಿಸುವುದು ನಮ್ಮಂಥ ಭಾಷಾಧ್ಯಾಪಕರಿಗೆ ನಿತ್ಯದ ಉದ್ಯೋಗ. ಎದುರು ದಿಕ್ಕಿನಲ್ಲಿ ಹೊರಟ ಶಬ್ದ ಸಿಕ್ಕುವುದು ಅಪರೂಪ. ಅದೂ ಅಡಿಗೆಮನೆಯ ಮೂಲೆಯಿಂದ ಎದ್ದು, ಮಸಿ ಕೊಡವಿಕೊಂಡು ಶಾಸ್ತ್ರಜ್ಞರ ಪತ್ರಿಕೆಯಲ್ಲಿ ಹೋಗಿ ಕುಳಿತದ್ದು ಇನ್ನೂ ಅಪರೂಪ. ಆ ಒಂದು ಶಬ್ದದ ಜಾಡು ಹಿಡಿದು ಹೊರಟವನಿಗೆ ನಮ್ಮ ನಾಡಿನ ಚರಿತ್ರೆಯ ಒಂದು ಅಧ್ಯಾಯವೇ ಎದುರಾಯಿತು. ಅದು ರಾಜರ ಚರಿತ್ರೆಯಲ್ಲ, ಸೌದೆಯ ಚರಿತ್ರೆ.

ಬೆಂಗಳೂರಿನ ಹಳಬರು ಇಂದಿಗೂ ‘ಟಾಟಾ ಇನ್‌ಸ್ಟಿಟ್ಯೂಟ್’ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ. ಮೈಸೂರಿನ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ 371 ಎಕರೆ ಭೂಮಿಯನ್ನು ದಾನವಾಗಿ ಕೊಟ್ಟರು. ವಿದ್ವತ್ತಿನಲ್ಲಿ ಅದರ ಹೆಸರು ದೊಡ್ಡದು. ಆದರೆ ಸುತ್ತಲಿನ ರೈತನಿಗೂ ಅದಕ್ಕೂ ಏನು ಸಂಬಂಧ ಎಂದು ಯಾರಾದರೂ ಕೇಳಿದ್ದರೆ ಬಹುಕಾಲದವರೆಗೆ ಉತ್ತರ ಹೇಳುವುದು ಕಷ್ಟವಾಗಿದ್ದೀತು. ಆ ಪ್ರಶ್ನೆಯನ್ನು ಸಂಸ್ಥೆಯ ಒಳಗಿನವರೇ ಕೇಳಿಕೊಂಡದ್ದು 1970ರ ದಶಕದ ಮೊದಲಲ್ಲಿ. ಕೇಳಿದವರಲ್ಲಿ ಪ್ರಮುಖರು ಅಮೂಲ್ಯಕುಮಾರ್ ಎನ್. ರೆಡ್ಡಿ.

ರೆಡ್ಡಿಯವರು 1930ರಲ್ಲಿ ಬೆಂಗಳೂರಿನಲ್ಲಿಯೇ ಹುಟ್ಟಿ, ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು. (ಕನ್ನಡದವರಾದ ನಮಗೆ ಆ ಕಾಲೇಜಿನ ಹೆಸರು ಕೇಳಿದೊಡನೆ ಬಿ. ಎಂ. ಶ್ರೀಕಂಠಯ್ಯನವರು ನೆನಪಾಗುತ್ತಾರೆ, ಅಲ್ಲಿ ರಸಾಯನಶಾಸ್ತ್ರವನ್ನೂ ಹೇಳಿಕೊಡುತ್ತಿದ್ದರೆಂಬುದು ಮರೆತೇ ಹೋಗುತ್ತದೆ.) ಮುಂದೆ ಅವರು ವಿದ್ಯುದ್ರಸಾಯನ ಶಾಸ್ತ್ರದಲ್ಲಿ ಪಂಡಿತರೆನಿಸಿ, ಬಾಕ್ರಿಸ್ ಎಂಬ ವಿದ್ವಾಂಸರೊಡನೆ ಬರೆದ ಎರಡು ಸಂಪುಟಗಳ ಗ್ರಂಥ 1970ರಲ್ಲಿ ಪ್ರಕಟವಾಯಿತು. ಅದು ಲೋಕದ ಅನೇಕ ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಯಿತು. ಇಷ್ಟು ಕೀರ್ತಿ ಬಂದವರು ಸಾಮಾನ್ಯವಾಗಿ ಅದೇ ದಾರಿಯಲ್ಲಿ ಮುಂದುವರಿಯುತ್ತಾರೆ. ರೆಡ್ಡಿಯವರು ದಾರಿ ಬಿಟ್ಟು ಹೊಲಕ್ಕಿಳಿದರು. 1973ರಲ್ಲಿ ಅರಬ್ಬೀ ದೇಶಗಳ ಎಣ್ಣೆಯ ಬೆಲೆ ಏರಿ ಲೋಕವೆಲ್ಲ ತಲ್ಲಣಿಸಿದ ಸಮಯ ಅದು. ಮರುವರ್ಷ, 1974ರಲ್ಲಿ, ಗ್ರಾಮಪ್ರದೇಶಗಳಿಗೆ ವಿಜ್ಞಾನ ಮತ್ತು ತಂತ್ರಜ್ಞಾನವನ್ನು ಅನ್ವಯಿಸುವ ಒಂದು ಘಟಕ ಸಂಸ್ಥೆಯಲ್ಲಿ ಆರಂಭವಾಯಿತು. ಅದರ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳನ್ನು ಕೂಡಿಸಿದರೆ ‘ಅಸ್ತ್ರ’ ಎಂದಾಗುತ್ತಿತ್ತು. ಆಗ ನಿರ್ದೇಶಕರಾಗಿದ್ದವರು ಸತೀಶ್ ಧವನ್. ಆಕಾಶಕ್ಕೆ ಉಪಗ್ರಹ ಹಾರಿಸುವ ಇಲಾಖೆಯ ಹೊಣೆಯನ್ನೂ ಹೊತ್ತಿದ್ದವರು. ಅಂಥವರ ಕಾಲದಲ್ಲಿಯೇ ಸಂಸ್ಥೆಯ ಒಂದು ಕಣ್ಣು ನೆಲದ ಕಡೆಗೆ ತಿರುಗಿತೆಂಬುದು ಗಮನಿಸತಕ್ಕ ಸಂಗತಿ.

ಅದೇ 1974ರಲ್ಲಿ ರೆಡ್ಡಿಯವರು ಇಬ್ಬರು ಸಹೋದ್ಯೋಗಿಗಳೊಡನೆ ಗೋಬರ್ ಗ್ಯಾಸನ್ನು ಕುರಿತು ಒಂದು ಲೇಖನ ಬರೆದರು. ಅದರಲ್ಲಿ ಒಂದು ಲೆಕ್ಕವಿದೆ. ವರ್ಷಕ್ಕೆ 2,30,000 ಟನ್ ಸಾರಜನಕವನ್ನು ಒದಗಿಸಲು ಕಲ್ಲಿದ್ದಲನ್ನು ಸುಡುವ ಒಂದು ದೊಡ್ಡ ಗೊಬ್ಬರದ ಕಾರ್ಖಾನೆ ಕಟ್ಟಬಹುದು; ಇಲ್ಲವೇ ಹಳ್ಳಿಗಳಲ್ಲಿ 26,150 ಸಗಣಿ ಗ್ಯಾಸಿನ ಸ್ಥಾವರಗಳನ್ನು ಕಟ್ಟಬಹುದು. ಮೊದಲನೆಯದು ಕೆಲಸ ಕೊಡುವುದು 1,000 ಮಂದಿಗೆ. ಎರಡನೆಯದು 1,30,750 ಮಂದಿಗೆ. ಮೊದಲನೆಯದು ವಿದ್ಯುತ್ತನ್ನು ತಿನ್ನುತ್ತದೆ, ಎರಡನೆಯದು ಶಕ್ತಿಯನ್ನು ಕೊಡುತ್ತದೆ. ಕಾಗದದ ಮೇಲಿನ ಲೆಕ್ಕ ಇದು, ನಿಜ. ಕಾಗದದ ಲೆಕ್ಕ ಹಳ್ಳಿಯ ಕೊಟ್ಟಿಗೆಗೆ ಹೋದಾಗ ಏನಾಗುತ್ತದೆಂಬುದನ್ನು ಮುಂದೆ ನೋಡುವೆವು. ಲೆಕ್ಕ ಹಾಕಿದವರೇ ಅದನ್ನು ನೋಡಹೋದರು ಎಂಬುದು ಅವರ ಹೆಚ್ಚುಗಾರಿಕೆ.

ಅವರು ಹೋದದ್ದು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿಗೆ. ಜನಪದ ಗೀತೆಯ ಕೆರೆಯಿಂದ ಎಲ್ಲರಿಗೂ ಪರಿಚಿತವಾದ ಕುಣಿಗಲ್ಲು. ಅಲ್ಲಿನ ಉಂಗ್ರ ಎಂಬ ಊರಿನಲ್ಲಿ ‘ಅಸ್ತ್ರ’ದ ವಿಸ್ತರಣ ಕೇಂದ್ರ ಏರ್ಪಟ್ಟಿತು. ಹೋದವರಲ್ಲಿ ಕಟ್ಟಡದ ಎಂಜಿನಿಯರರಿದ್ದರು, ರಸಾಯನದ ಎಂಜಿನಿಯರರಿದ್ದರು, ಸಸ್ಯಶಾಸ್ತ್ರ ಓದಿದವರಿದ್ದರು. ಬೆಂಗಳೂರಿನಲ್ಲಿ ಇವರ ವಿಭಾಗಗಳಿಗೆ ಬೇರೆಬೇರೆ ಕಟ್ಟಡ. ಒಬ್ಬರ ಭಾಷೆ ಮತ್ತೊಬ್ಬರಿಗೆ ತಿಳಿಯದು. ಹಳ್ಳಿಯಲ್ಲಿ ಈ ವಿಂಗಡಣೆಗೆ ಅರ್ಥವಿರಲಿಲ್ಲ. ಒಲೆಗೆ ಸೌದೆ ಬೇಕು, ಸೌದೆಗೆ ಮರ ಬೇಕು. ಅದನ್ನು ತರುವ ಹೊತ್ತು ಹೆಂಗಸಿನ ದಿನದಿಂದ ಕಳೆಯಬೇಕು. ಸಗಣಿ ಬೆರಣಿಯಾದರೆ ತಿಪ್ಪೆಗಿಲ್ಲ, ತಿಪ್ಪೆಯಿಲ್ಲದೆ ಹೊಲಕ್ಕೆ ಗೊಬ್ಬರವಿಲ್ಲ. ಇದರಲ್ಲಿ ಯಾವುದು ಸಸ್ಯಶಾಸ್ತ್ರ, ಯಾವುದು ಅರ್ಥಶಾಸ್ತ್ರ? ವಿದ್ಯೆಗಳ ಸಮನ್ವಯವೆಂದು ಈಗ ವಿಶ್ವವಿದ್ಯಾಲಯಗಳಲ್ಲಿ ಭಾಷಣಗಳಾಗುತ್ತವೆ. ಕುಣಿಗಲ್ ತಾಲ್ಲೂಕಿನಲ್ಲಿ ಅದು ಅನಿವಾರ್ಯವಾಗಿ ನಡೆದುಹೋಯಿತು.

ಅವರು ಮಾಡಿದ ಮೊದಲ ದೊಡ್ಡ ಕೆಲಸ ಯಾವ ಯಂತ್ರದ ನಿರ್ಮಾಣವೂ ಅಲ್ಲ. ಆ ಸುತ್ತಿನ ಆರು ಹಳ್ಳಿಗಳಲ್ಲಿ ನಡೆಸಿದ ಒಂದು ಗಣನೆ. ಹಳ್ಳಿಯ ಬದುಕು ಯಾವ ಶಕ್ತಿಯಿಂದ, ಎಷ್ಟು ಶಕ್ತಿಯಿಂದ ನಡೆಯುತ್ತದೆ? ಆವರೆಗೆ ದೇಶದ ಶಕ್ತಿಯ ಲೆಕ್ಕವೆಂದರೆ ಕಲ್ಲಿದ್ದಲು, ಎಣ್ಣೆ, ವಿದ್ಯುತ್ತುಗಳ ಲೆಕ್ಕವೇ ಮುಖ್ಯ. ಮಾರುಕಟ್ಟೆಯಲ್ಲಿ ಬೆಲೆಯುಳ್ಳದ್ದಕ್ಕೆ ಪುಸ್ತಕದಲ್ಲಿ ಜಾಗ. ಇವರು ಸೌದೆಯನ್ನೂ, ಎತ್ತಿನ ದುಡಿಮೆಯನ್ನೂ, ಗಂಡಸು, ಹೆಂಗಸು, ಮಕ್ಕಳು ದುಡಿದ ಗಂಟೆಗಳನ್ನೂ ಒಂದೇ ಅಳತೆಗೆ ತಂದು ಒಂದೇ ಕೋಷ್ಟಕದಲ್ಲಿ ಬರೆದರು. ಆ ಹಳ್ಳಿಗಳಲ್ಲಿ ಒಂದು ಪುರ. 1977ರ ಸೆಪ್ಟೆಂಬರಿನಲ್ಲಿ ಅಲ್ಲಿದ್ದದ್ದು 56 ಮನೆ, 357 ಜನ. ಸಮುದ್ರಮಟ್ಟಕ್ಕಿಂತ ಎಷ್ಟು ಎತ್ತರ, ಮಳೆ ಎಷ್ಟು ಸೆಂಟಿಮೀಟರು ಎಂಬುದೂ ದಾಖಲೆಯಲ್ಲಿದೆ. ಅಷ್ಟು ಸಣ್ಣ ಊರನ್ನು ಅಷ್ಟು ಶ್ರದ್ಧೆಯಿಂದ ಎಣಿಸಿದ್ದನ್ನು ಕಂಡು, ಶಾಸನಗಳನ್ನು ಅಕ್ಷರ ಬಿಡದೆ ನಕಲು ಮಾಡಿದ ನಮ್ಮ ಹಿಂದಿನ ವಿದ್ವಾಂಸರು ನನಗೆ ನೆನಪಾದರು.

ಲೆಕ್ಕ ಏನು ಹೇಳಿತು? ಪುರದಲ್ಲಿ ಬಳಕೆಯಾಗುತ್ತಿದ್ದ ಶಕ್ತಿಯಲ್ಲಿ ನೂರಕ್ಕೆ 89 ಪಾಲು ಸೌದೆಯದು. ಮನುಷ್ಯರ ಮೈಶಕ್ತಿ 7 ಪಾಲು, ಸೀಮೆಎಣ್ಣೆ 2, ಎತ್ತು ಒಂದು, ವಿದ್ಯುತ್ತು ಒಂದು. ಊರಿಗೆ ಕರೆಂಟು ಬಂದಿತ್ತು. ಬಂದದ್ದು ಆ ಒಂದು ಪಾಲಿನಷ್ಟು. ಸೌದೆಯಲ್ಲಿ ಅಡಿಗೆಗೆ ಹೋದದ್ದು ನೂರಕ್ಕೆ 82, ಸ್ನಾನದ ಹಂಡೆಯ ಕೆಳಗೆ ಉರಿದದ್ದು 14. ಇನ್ನು ಮನುಷ್ಯರ ಶಕ್ತಿಯನ್ನು ಬಿಡಿಸಿ ನೋಡಿದರು. ಹಳ್ಳಿಯೆಂದರೆ ಬೇಸಾಯ, ಅಲ್ಲಿನ ದುಡಿಮೆಯೆಂದರೆ ಹೊಲದ ದುಡಿಮೆ ಎಂದು ನಾವೆಲ್ಲ ತಿಳಿದಿರುತ್ತೇವೆ. ಪುರದ ಜನ ವ್ಯಯಿಸಿದ ಮೈಶಕ್ತಿಯಲ್ಲಿ ಬೇಸಾಯಕ್ಕೆ ಹೋದದ್ದು ನೂರಕ್ಕೆ 12 ಪಾಲು ಮಾತ್ರ. ದನಕರು ಕಾಯುವುದಕ್ಕೆ 37, ಅಡಿಗೆಗೆ 19, ಸೌದೆ ಆಯುವುದಕ್ಕೆ 14, ನೀರು ಹೊರುವುದಕ್ಕೆ 10. ಈ ದುಡಿಮೆಯನ್ನು ಮಾಡಿದವರು ಯಾರು? ಗಂಡಸರು 31 ಪಾಲು, ಹೆಂಗಸರು 53, ಉಳಿದ 16 ಪಾಲು ಮಕ್ಕಳು.

ಈ ಅಂಕೆಗಳನ್ನು ಓದಿದ ಮೇಲೆ ನಾನು ಸ್ವಲ್ಪ ಹೊತ್ತು ಪುಸ್ತಕ ಮುಚ್ಚಿಟ್ಟೆ. ನೀರಿಗೆ ಹೋದ ಹೆಂಗಸರನ್ನು ಕುರಿತು ನಮ್ಮ ಸಾಹಿತ್ಯದಲ್ಲಿ ಎಷ್ಟು ಪದ್ಯಗಳಿಲ್ಲ! ಕೊಡ, ನಡು, ನಡಿಗೆ ಎಲ್ಲವನ್ನೂ ನಾವು ತರಗತಿಯಲ್ಲಿ ರಸವತ್ತಾಗಿ ವಿವರಿಸಿದ್ದೇವೆ. ಆ ಕೊಡ ಎಷ್ಟು ದೂರದಿಂದ ಬಂತು, ದಿನಕ್ಕೆಷ್ಟು ಸಾರಿ ಬಂತು ಎಂದು ಕೇಳಲು ವಿಜ್ಞಾನ ಸಂಸ್ಥೆಯವರೇ ಬರಬೇಕಾಯಿತು. ಇದನ್ನು ಒಪ್ಪಿಕೊಳ್ಳಲು ಕನ್ನಡದ ಮೇಷ್ಟ್ರಿಗೆ ಸಂಕೋಚವಾದರೂ ಒಪ್ಪಲೇಬೇಕು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಆ ಗಣನೆಯಿಂದ ಹೊರಬಿತ್ತು. ಕಾಡು ಹಾಳಾಗುವುದು ಹಳ್ಳಿಯವರು ಸೌದೆಗಾಗಿ ಮರ ಕಡಿಯುವುದರಿಂದ ಎಂಬ ಮಾತು ಆಗ ಎಲ್ಲೆಲ್ಲೂ ಕೇಳಿಬರುತ್ತಿತ್ತು, ಈಗಲೂ ಕೇಳಿಬರುತ್ತದೆ. ತೂಕ ಮಾಡಿ ನೋಡಿದಾಗ ಹಳ್ಳಿಯ ಹೆಂಗಸಿನ ಹೊರೆಯಲ್ಲಿದ್ದದ್ದು ಬಹುಮಟ್ಟಿಗೆ ಪುಳ್ಳೆ, ಒಣಕಡ್ಡಿ, ಬೇಲಿಯ ರೆಂಬೆ. ಅದರಲ್ಲಿ ಹೆಚ್ಚಿನದು ಹಣ ಕೊಡದೆ ಆಯ್ದು ತಂದದ್ದು. ಮರವನ್ನು ಬುಡಕ್ಕೆ ಕಡಿದು ತುಂಡು ಮಾಡಲು ಅವಳಲ್ಲಿ ಕೊಡಲಿಯೂ ಇಲ್ಲ, ಒಯ್ಯಲು ಗಾಡಿಯೂ ಇಲ್ಲ. ಹಾಗಾದರೆ ದಿಮ್ಮಿ ಎಲ್ಲಿಗೆ ಹೋಯಿತು? ಅದು ಲಾರಿಯಲ್ಲಿ, ರೈಲಿನಲ್ಲಿ ಬೆಂಗಳೂರಿಗೆ ಬಂತು. ಬೆಂಗಳೂರಿನ ಸೌದೆಯ ವ್ಯವಹಾರವನ್ನು ಕುರಿತು ರೆಡ್ಡಿಯವರೂ ಬಿ. ಸುಧಾಕರ ರೆಡ್ಡಿಯವರೂ ಬರೆದ ಅಧ್ಯಯನ 1983ರಲ್ಲಿ ಪ್ರಕಟವಾಯಿತು. ನಗರದಲ್ಲಿಯೂ ಬಡವನ ಮನೆಯಲ್ಲಿ ಉರಿಯುತ್ತಿದ್ದದ್ದು ಸೌದೆ, ಸ್ಥಿತಿವಂತನ ಮನೆಯಲ್ಲಿ ಉರಿಯುತ್ತಿದ್ದದ್ದು ಗ್ಯಾಸು. ಒಲೆಯಲ್ಲಿ ವ್ಯರ್ಥವಾಗುವ ಶಾಖವನ್ನು ಕಳೆದು ಲೆಕ್ಕ ಹಾಕಿದರೆ, ಪಾತ್ರೆಗೆ ನಿಜವಾಗಿ ಮುಟ್ಟುವ ಶಾಖಕ್ಕೆ ಬಡವನೇ ಹೆಚ್ಚು ಬೆಲೆ ತೆರುತ್ತಿದ್ದ. ಮೊಹಲ್ಲೆಗೊಂದರಂತೆ ಇದ್ದ ಸೌದೆ ಡಿಪೋಗಳನ್ನು ಹಿರಿಯ ವಾಚಕರು ಮರೆತಿರಲಾರರು. ತಕ್ಕಡಿಯ ಆ ತಟ್ಟೆಯಲ್ಲಿ ಒಟ್ಟುತ್ತಿದ್ದ ತುಂಡುಗಳು ಯಾವ ಗುಡ್ಡದವೆಂದು ಅಲ್ಲಿ ಸಾಲಿನಲ್ಲಿ ನಿಂತ ಯಾರೂ ಕೇಳಿದಂತಿಲ್ಲ.

ಇಂಥದೇ ಇನ್ನೊಂದು ಸಂಗತಿ ಅದೇ ಸಂಸ್ಥೆಯ ಆವರಣದಿಂದಲೇ ಅದೇ ಕಾಲದಲ್ಲಿ ಹೊರಟಿತು. ಅದನ್ನು ಇಲ್ಲಿ ಹೇಳದಿದ್ದರೆ ಕಥೆ ಅರ್ಧವಾಗುತ್ತದೆ. ಕಾಗದದ ಕಾರ್ಖಾನೆಗಳಿಂದಾಗಿ ಬಿದಿರು ಮುಗಿದುಹೋಗುತ್ತಿದೆ ಎಂದು ಬುಟ್ಟಿ ಹೆಣೆಯುವ ಮೇದರು ದೂರಿಟ್ಟಾಗ, 1975ರಲ್ಲಿ, ಮಾಧವ ಗಾಡ್ಗೀಳರು ಬಿದಿರಿನ ಅಧ್ಯಯನಕ್ಕೆ ತೊಡಗಿದರು. ದಾಂಡೇಲಿಯ ಕಾರ್ಖಾನೆಗೆ ಸರ್ಕಾರಿ ಕಾಡಿನ ಬಿದಿರು ದೊರೆಯುತ್ತಿದ್ದ ದರಕ್ಕೂ, ಪೇಟೆಯಲ್ಲಿ ಮೇದರು ಕೊಡುತ್ತಿದ್ದ ಬೆಲೆಗೂ ಹೋಲಿಕೆಯೇ ಇರಲಿಲ್ಲ. ಹಳ್ಳಿಯವರ ದನಗಳಿಂದಲೂ ಕಡಿತದಿಂದಲೂ ಬಿದಿರು ಹಾಳಾಯಿತೆಂಬುದು ಅಧಿಕಾರಿಗಳ ವಾದ. ಉತ್ತರ ಕನ್ನಡದ ಕಾಡಿನಲ್ಲಿ ಕಂಡದ್ದು ಬೇರೆ. ಮೆಳೆ ಚೆನ್ನಾಗಿ ಬೆಳೆಯಲೆಂದು ಅದರ ಬುಡದ ಮುಳ್ಳನ್ನೆಲ್ಲ ಸವರಿ ಶುಚಿ ಮಾಡುವುದು ಇಲಾಖೆಯ ಪದ್ಧತಿಯಾಗಿತ್ತು. ಮುಳ್ಳು ಹೋದ ಮೇಲೆ ಎಳೆಯ ಕಳಲೆ ದನ, ಕೋತಿ, ಮುಳ್ಳುಹಂದಿಗಳ ಬಾಯಿಗೆ ಬಿತ್ತು. ಮುಳ್ಳು ಮೆಳೆಯ ಬೇಲಿಯೆಂಬುದು ಅಲ್ಲಿನ ಹಳ್ಳಿಯವರಿಗೆ ಮೊದಲೇ ಗೊತ್ತಿತ್ತು. ಅಂದರೆ ಅಪರಾಧಿಯೆಂದು ಎನಿಸಿಕೊಂಡವರ ಬಳಿಯಲ್ಲೇ ಉತ್ತರವೂ ಇತ್ತು. ಗಾಡ್ಗೀಳರ ಮುಂದಾಳುತನದಲ್ಲಿ 1983ರಲ್ಲಿ ಸಂಸ್ಥೆಯಲ್ಲಿ ಪರಿಸರ ವಿಜ್ಞಾನಗಳ ಕೇಂದ್ರ ಹುಟ್ಟಿತು.

ಈಗ ಒಲೆಗೆ ಬರೋಣ. ಗಣನೆಯಿಂದ ಒಲೆಗೆ ಬರುವುದು ಸಹಜವೇ ಆಗಿತ್ತು. ಅಷ್ಟು ಸೌದೆ ಒಲೆಯಲ್ಲಿ ಉರಿಯುವುದಾದರೆ, ಒಲೆಯನ್ನು ತಿದ್ದಿದಷ್ಟೂ ಸೌದೆ ಉಳಿಯಬೇಕು. ಮೂರು ಪಾತ್ರೆಗಳನ್ನು ಒಂದರ ಹಿಂದೊಂದು ಇಡಬಹುದಾದ, ತಳದಲ್ಲಿ ಗಾಳಿಯಾಡುವ ಜಾಲರಿಯುಳ್ಳ, ಹೊಗೆಯನ್ನು ಕೊಳವೆಯ ಮೂಲಕ ಮನೆಯ ಹೊರಗೆ ಕಳಿಸುವ ಮಣ್ಣಿನ ಒಲೆ ತಯಾರಾಯಿತು. ಅದೇ ಆ ‘ಅಸ್ತ್ರ ಒಲೆ’. 1980ರ ದಶಕದಲ್ಲಿ ಅದನ್ನು ಕರ್ನಾಟಕದ ಹಳ್ಳಿಗಳಲ್ಲಿ ದೊಡ್ಡ ಸಂಖ್ಯೆಯಲ್ಲಿ ಕಟ್ಟಿದರು. ರಾಗಿಯ ಸೀಮೆಯ ಒಲೆಗೆ ಬೇರೆ ಕಡೆಯ ಒಲೆಗಿಲ್ಲದ ಒಂದು ಪರೀಕ್ಷೆಯಿದೆ. ಮುದ್ದೆ ತಿರುವುವಾಗ ಎರಡು ಕೈಯ ಬಲವೂ ಕೋಲಿನ ಮೂಲಕ ಪಾತ್ರೆಯ ಮೇಲೆ ಬೀಳುತ್ತದೆ. ಆಗ ಅಲುಗುವ ಒಲೆಯನ್ನು ನಮ್ಮ ತಾಯಂದಿರು ಮಾರನೆಯ ದಿನವೇ ಒಡೆದುಹಾಕಿಯಾರು. ಮಣ್ಣು ಕಲಸಿ ಕಟ್ಟುವಾಗ ಅಳತೆ ಬೆರಳಗಲ ತಪ್ಪಿದರೆ ಗುಣವೇ ಕೆಡುತ್ತದೆಂಬುದು ಈ ಒಲೆಯ ದೌರ್ಬಲ್ಯ. ಎಲ್ಲ ಕಡೆಯೂ ಎಲ್ಲವೂ ಸರಿಯಾಗಿ ಕಟ್ಟಲ್ಪಟ್ಟವೆಂದು ನಾನು ಭಾವಿಸಲಾರೆ. ಸರ್ಕಾರಿ ಗುರಿ ಮುಟ್ಟಿಸಲು ಕಟ್ಟುವ ಒಲೆಗೂ ಮನೆಯವರು ತಮಗಾಗಿ ಕಟ್ಟಿಕೊಳ್ಳುವ ಒಲೆಗೂ ಅಂತರವಿದ್ದೇ ಇರುತ್ತದೆ.

ಪುರದ ಕಥೆ ಅಲ್ಲಿಗೆ ಮುಗಿಯಲಿಲ್ಲ. ಊರಿನ ಸಗಣಿಯನ್ನೆಲ್ಲ ಒಂದೆಡೆ ಕೂಡಿಸಿ, ಸಮುದಾಯದ ಗ್ಯಾಸ್ ಸ್ಥಾವರ ಕಟ್ಟಿ, ಪ್ರತಿ ಮನೆಗೂ ಅಡಿಗೆಯ ಗ್ಯಾಸು ಕೊಡಬೇಕೆಂದು 1980ರ ದಶಕದ ಆರಂಭದಲ್ಲಿ ಹೊರಟರು. ಸ್ಥಾವರದ ಆಕಾರವನ್ನೇ ಮೊದಲು ಪರಿಶೀಲಿಸಿ, ಖಾದಿ ಆಯೋಗದ ಹಳೆಯ ನಮೂನೆಯಷ್ಟು ಆಳ ಬೇಕಿಲ್ಲ, ಅಗಲವಾಗಿ ಕಡಿಮೆ ಆಳದಲ್ಲಿ ಕಟ್ಟಿದರೆ ಅಗ್ಗವೆಂದು ಕಂಡುಕೊಂಡಿದ್ದರು. ಶಾಸ್ತ್ರವೆಲ್ಲ ಸರಿಯಾಗಿತ್ತು. ಆದರೆ ಊರಿನ ಎಲ್ಲ ಒಲೆಗೂ ಸಾಲುವಷ್ಟು ಗ್ಯಾಸು ಹುಟ್ಟಲಿಲ್ಲ. ಅಷ್ಟು ಸಗಣಿಯೇ ಇರಲಿಲ್ಲ. ಅರ್ಧ ಬೆಂದ ಅನ್ನದಂತೆ ಯೋಜನೆ ನಿಂತಿತು. 1974ರ ಕಾಗದದ ಲೆಕ್ಕ ಕೊಟ್ಟಿಗೆಯಲ್ಲಿ ಎಡವಿದ್ದು ಹೀಗೆ.

ಸೋತವರು ಮಾಡುವ ಕೆಲಸ ಎರಡು: ಹೊರಟುಹೋಗುವುದು, ಇಲ್ಲವೇ ಹಳ್ಳಿಯವರ ಅಜ್ಞಾನವನ್ನು ದೂರುವುದು. ಇವರು ಎರಡನ್ನೂ ಮಾಡದೆ ಮತ್ತೆ ಮಾತಿಗೆ ಕುಳಿತರು. ಊರಿನವರಿಗೆ ಮೊದಲು ಬೇಕಾಗಿದ್ದದ್ದು ಕುಡಿಯುವ ನೀರು, ಆಮೇಲೆ ದೀಪ. ಇರುವ ಗ್ಯಾಸು ಒಲೆಗಳಿಗೆ ಸಾಲದಿದ್ದರೂ ಒಂದು ಎಂಜಿನ್ ಓಡಿಸಲು ಸಾಕು. 1987ರಲ್ಲಿ ಸಗಣಿಯ ಗ್ಯಾಸಿಗೆ ಸ್ವಲ್ಪ ಡೀಸೆಲ್ ಬೆರೆಸಿ ಎಂಜಿನ್ ಓಡಿತು. ಅದರಿಂದ ವಿದ್ಯುತ್ತು ಹುಟ್ಟಿ, ಬೋರ್‌ವೆಲ್ಲಿನ ನೀರು ಮೇಲೆ ಬಂದು ನಲ್ಲಿಗಳಿಗೆ ಹರಿಯಿತು, ಸಂಜೆಗೆ ಮನೆಗಳಲ್ಲಿ ಟ್ಯೂಬ್‌ಲೈಟು ಹತ್ತಿತು. ಮಿಣುಕುತ್ತಿದ್ದ ಸರ್ಕಾರಿ ಕರೆಂಟಿಗಿಂತ ಇದರ ಬೆಳಕು ನಂಬಿಕೆಯದಾಗಿತ್ತು. ಬೆಳಿಗ್ಗೆ ತಂದ ಸಗಣಿಯನ್ನು ತೂಗಿ ಬರೆದುಕೊಳ್ಳುತ್ತಿದ್ದರು. ಕಿಲೋಗೆ ಎರಡು ಪೈಸೆ. ತಂದವರ ಕೈಗೇ ಆ ಹಣ. ತರುತ್ತಿದ್ದವರು ಹೆಚ್ಚಾಗಿ ಹೆಂಗಸರೂ ಮಕ್ಕಳೂ. ಗ್ಯಾಸು ತೆಗೆದ ಮೇಲೆ ಉಳಿದ ಬಗ್ಗಡ ಗೊಬ್ಬರವಾಗಿ ಅವರವರ ತಿಪ್ಪೆಗೇ ಹಿಂತಿರುಗುತ್ತಿತ್ತು. ಎಂಜಿನ್ ನಡೆಸಿದವರು ಊರಿನ ಹುಡುಗರು. ಮೇಲ್ವಿಚಾರಣೆ ಊರಿನ ಗ್ರಾಮ ವಿಕಾಸ ಸಭೆಯದು.

ಗೋಮಾಳವನ್ನು ಉದಾಹರಿಸಿ ಅಮೆರಿಕದ ಗ್ಯಾರೆಟ್ ಹಾರ್ಡಿನ್ ಎಂಬ ವಿಜ್ಞಾನಿ 1968ರಲ್ಲಿ ಒಂದು ವಾದ ಹೂಡಿದ್ದ. ಎಲ್ಲರಿಗೂ ಸೇರಿದ ಹುಲ್ಲುಗಾವಲಿಗೆ ಪ್ರತಿಯೊಬ್ಬನೂ ಇನ್ನೊಂದು ದನ ಬಿಡುತ್ತಾನೆ; ಲಾಭ ಅವನೊಬ್ಬನದು, ನಷ್ಟ ಎಲ್ಲರದು; ಕೊನೆಗೆ ಹುಲ್ಲೇ ಇಲ್ಲ. ರೆಡ್ಡಿಯವರು ಪುರದ ಅನುಭವದಿಂದ ಇದಕ್ಕೆ ಉತ್ತರ ಬರೆದು, ಶಾಪವೆನಿಸಿದ ಸಾಮೂಹಿಕ ಸ್ವತ್ತು ವರವೂ ಆಗಬಹುದೆಂದರು. ಒಬ್ಬ ಸಗಣಿ ತರದಿದ್ದರೆ ಊರಿನ ನಲ್ಲಿ ಬಡವಾಗುತ್ತದೆ, ಅವನ ಮನೆಯ ನಲ್ಲಿಯೂ ಅದರಲ್ಲಿ ಸೇರಿದೆ. ಹಣ ಕಟ್ಟದಿದ್ದರೆ ಅವನ ದೀಪವೇ ಆರುತ್ತದೆ. ಸ್ವಾರ್ಥವೂ ಊರಿನ ಹಿತವೂ ಒಂದೇ ಗಾಡಿಗೆ ಕಟ್ಟಿದ ಎತ್ತುಗಳಾದವು.

ಹೀಗೆಂದು ಪುರದಲ್ಲಿ ರಾಮರಾಜ್ಯವೇ ಬಂತೆಂದು ನಾನು ಬರೆಯಲಾರೆ. ಹತ್ತು ವರ್ಷಗಳ ಮಟ್ಟಿಗೆ ನಡೆದು ಆ ವ್ಯವಸ್ಥೆ ನಿಂತುಹೋಯಿತು. ಅದು ಏಕೆ ನಿಂತಿತು, ತಮ್ಮಿಂದ ಎಲ್ಲಿ ತಪ್ಪಾಯಿತು ಎಂಬುದನ್ನು ಪುರದಿಂದ ಕಲಿತ ಪಾಠಗಳೆಂದು ರೆಡ್ಡಿಯವರೇ 2004ರಲ್ಲಿ ಬರೆದು ಪ್ರಕಟಿಸಿದರು. ಯಶಸ್ಸಿನ ವರದಿಗಳೇ ತುಂಬಿರುವ ಕಪಾಟಿನಲ್ಲಿ ಇಂಥ ಬರಹ ಒಂದಿದ್ದರೂ ಬೆಲೆಯುಳ್ಳದ್ದು. ಆ ಹೊತ್ತಿಗಾಗಲೇ ಅವರು ಬ್ರೆಜಿಲ್, ಸ್ವೀಡನ್, ಅಮೆರಿಕಗಳ ಮೂವರು ವಿದ್ವಾಂಸರೊಡನೆ ಲೋಕದ ಶಕ್ತಿಯ ಬಳಕೆಯನ್ನು ಕುರಿತು ಬರೆದ ಗ್ರಂಥ ಹೆಸರಾಗಿತ್ತು; 2000ದಲ್ಲಿ ಆ ನಾಲ್ವರಿಗೂ ಕೂಡಿ ವೋಲ್ವೊ ಪರಿಸರ ಪ್ರಶಸ್ತಿ ಬಂದಿತ್ತು. ರೆಡ್ಡಿಯವರು ತೀರಿಕೊಂಡದ್ದು 2006ರಲ್ಲಿ. ಅವರ ಜೊತೆಗಾರರಲ್ಲಿ ಮಣ್ಣಿನ ಇಟ್ಟಿಗೆಯ ಮನೆಗಳಿಗೆ ತಮ್ಮ ಆಯುಷ್ಯ ಸವೆಸಿದ ಕೆ. ಎಸ್. ಜಗದೀಶ್ ಅಂಥವರಿದ್ದರು. ರಾಕೆಟ್ಟಿನ ಉರಿಯನ್ನು ಅಧ್ಯಯನ ಮಾಡುವ ವಿಭಾಗದ ಎಚ್. ಎಸ್. ಮುಕುಂದರ ಬಳಗದ ಗ್ಯಾಸಿಫೈಯರ್ ಯಂತ್ರ ಕಟ್ಟಿಗೆಯಿಂದ ಅನಿಲ ತೆಗೆದು, 1988ರಲ್ಲಿ ಅದೇ ತಾಲ್ಲೂಕಿನ ಹೊಸಹಳ್ಳಿಗೆ ದೀಪ ಕೊಟ್ಟಿತ್ತು. ‘ಅಸ್ತ್ರ’ಕ್ಕೆ ಈಗ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರವೆಂದು ಹೆಸರು. ಹೆಸರು ಘನವಾಗಿದೆ, ಹಳೆಯದು ನಾಲಗೆಗೆ ಹಗುರವಾಗಿತ್ತು ಎಂಬುದಷ್ಟೇ ನನ್ನ ತಕರಾರು.

ಕಳೆದ ದಸರಾ ರಜೆಯಲ್ಲಿ ಕುಣಿಗಲ್ಲಿನ ಕಡೆಯ ನಮ್ಮ ನೆಂಟರ ಮನೆಗೆ ಹೋಗಿದ್ದೆ. ಅಡಿಗೆಮನೆಯಲ್ಲಿ ಗ್ಯಾಸ್ ಒಲೆ ಹೊಳೆಯುತ್ತಿತ್ತು, ಅಂಗಳದಲ್ಲಿ ನಲ್ಲಿಯಿತ್ತು. ಬೆಳಿಗ್ಗೆ ಸ್ನಾನಕ್ಕೆಂದು ಹಿತ್ತಿಲಿಗೆ ಹೋದರೆ ಹೊಗೆ ಕಣ್ಣು ತುಂಬಿತು. ಎಪ್ಪತ್ತು ದಾಟಿದ ದೊಡ್ಡಮ್ಮ ಹಂಡೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ತೆಂಗಿನ ಮಟ್ಟೆಯನ್ನು ಒಳಕ್ಕೆ ತಳ್ಳುತ್ತಿದ್ದರು. ನನಗೆ ಆ ನೂರರಲ್ಲಿ ಹದಿನಾಲ್ಕರ ಅಂಕೆ ನೆನಪಾಯಿತು.

‘ಗ್ಯಾಸು ಬಂದೈತಲ್ಲ ದೊಡ್ಡಮ್ಮ, ಇನ್ನೂ ಇದ್ಯಾಕೆ?’ ಎಂದೆ.

‘ಹಂಡೆ ನೀರಿಗೆ ಯಾರಪ್ಪ ಸಿಲಿಂಡರು ಉರಿಸ್ತಾರೆ? ತ್ವಾಟದಾಗೆ ಬಿದ್ದಿರ್ತೈತೆ, ಆಯ್ಕಂಡ್ ಬತ್ತೀನಿ’ ಎಂದರು.

ಎಷ್ಟು ದೂರ, ಎಷ್ಟು ಹೊತ್ತು ಎಂದು ಕೇಳಿದೆ.

‘ಅದನ್ಯಾರು ಲೆಕ್ಕ ಇಡ್ತಾರೆ ಬಿಡು. ನೀರು ಕಾದೈತೆ, ಹೋಗಿ ಮಿಂದ್ಕೊ’ ಎಂದು ಇನ್ನೊಂದು ಮಟ್ಟೆ ಎಳೆದುಕೊಂಡರು.